ಕಿಟಕಿಯಲ್ಲೇ ನಿಂತ ಅಕ್ಕ: ಹತ್ತೊಂಬತ್ತನೆಯ ಶತಮಾನದ ಆರಂಭದ ಇಂಗ್ಲೆಂಡಿನಲ್ಲಿ ಸಾವು ಮತ್ತು ಶೋಕ

1817ರ ಜುಲೈ 24ರ ಮುಂಜಾನೆ ಇಂಗ್ಲೆಂಡಿನ ವಿಂಚೆಸ್ಟರ್ ಪಟ್ಟಣದ ಕಾಲೇಜ್ ಸ್ಟ್ರೀಟಿನ ಬಾಡಿಗೆ ಮನೆಯೊಂದರಿಂದ ಚಿಕ್ಕದೊಂದು ಶವಯಾತ್ರೆ ಹೊರಟಿತು. ಆರು ದಿನಗಳ ಹಿಂದೆ ಆ ಮನೆಯಲ್ಲಿ ತೀರಿಕೊಂಡಿದ್ದ ಕಾದಂಬರಿಕಾರ್ತಿ ಜೇನ್ ಆಸ್ಟೆನ್ ಅವರ ಶವಪೆಟ್ಟಿಗೆಯ ಹಿಂದೆ ಮನೆಯವರೆಂದು ನಡೆದವರು ನಾಲ್ವರು: ಮೂವರು ಅಣ್ಣಂದಿರು ಮತ್ತು ಬರಲಾಗದ ಹಿರಿಯಣ್ಣನ ಪರವಾಗಿ ಅವನ ಮಗ. ಕೊನೆಯ ರಾತ್ರಿ ಗಂಟೆಗಟ್ಟಲೆ ತಂಗಿಯ ತಲೆಯನ್ನು ತನ್ನ ಮಡಿಲಿನ ದಿಂಬಿನ ಮೇಲಿಟ್ಟುಕೊಂಡು ಕುಳಿತಿದ್ದವಳು, ಪ್ರಾಣ ಹೋದ ಮೇಲೆ ಅವಳ ಕಣ್ಣು ಮುಚ್ಚಿದವಳು ಅಕ್ಕ ಕಸಾಂಡ್ರಾ. ಆದರೆ ಆಕೆ ಆ ಗುಂಪಿನಲ್ಲಿರಲಿಲ್ಲ. ಬೀದಿಯ ಉದ್ದಕ್ಕೂ ಸಾಗಿ ತಿರುವಿನಲ್ಲಿ ಕಣ್ಮರೆಯಾಗುವ ತನಕ ಆ ಯಾತ್ರೆಯನ್ನು ಮನೆಯಿಂದಲೇ ನೋಡುತ್ತ ನಿಂತಿದ್ದುದನ್ನು ಕೆಲವು ದಿನಗಳ ಅನಂತರ ತನ್ನ ಸೋದರನ ಮಗಳಿಗೆ ಬರೆದ ಪತ್ರದಲ್ಲಿ ಆಕೆಯೇ ಹೇಳಿಕೊಂಡಿದ್ದಾಳೆ.

ಇದು ಒಂದು ಮನೆತನದ ವಿಚಿತ್ರ ನಡತೆಯಾಗಿರಲಿಲ್ಲ. ಆ ಕಾಲದ ಇಂಗ್ಲೆಂಡಿನ ಜಮೀನ್ದಾರಿ ಹಾಗೂ ಪಾದ್ರಿ ಮನೆತನಗಳಲ್ಲಿ ಹೆಂಗಸರು ಸಾಮಾನ್ಯವಾಗಿ ಸಮಾಧಿಯ ಬಳಿಗೆ ಹೋಗುತ್ತಿರಲಿಲ್ಲ. ದುಃಖವನ್ನು ನಾಲ್ಕು ಜನರ ಮುಂದೆ ಹತೋಟಿಯಲ್ಲಿಟ್ಟುಕೊಳ್ಳುವುದು ಅವರಿಂದಾಗದು, ಅಳು ಬಹಿರಂಗವಾದರೆ ಮನೆತನದ ಘನತೆಗೆ ಕುಂದು ಎಂಬುದು ಅದಕ್ಕೆ ಕೊಡುತ್ತಿದ್ದ ಕಾರಣ. 1806ರ ಜನವರಿ 9ರಂದು ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್‌ನಲ್ಲಿ ನೌಕಾಪತಿ ನೆಲ್ಸನ್‌ನ ಅಂತ್ಯಕ್ರಿಯೆ ಇಡೀ ದೇಶದ ಉತ್ಸವದಂತೆ ನಡೆದಾಗಲೂ ಅವನ ಹೆಂಡತಿಯಾಗಲಿ, ಅವನು ಪ್ರೀತಿಸಿದ್ದ ಎಮ್ಮಾ ಹ್ಯಾಮಿಲ್ಟನ್ ಆಗಲಿ ಅಲ್ಲಿರಲಿಲ್ಲ. ಮುಖ್ಯ ಶೋಕಿಯ ಸ್ಥಾನದಲ್ಲಿ ನಡೆದವನು ಸರ್ ಪೀಟರ್ ಪಾರ್ಕರ್ ಎಂಬ ವೃದ್ಧ ನೌಕಾಧಿಕಾರಿ. ಹಳ್ಳಿಗಳಲ್ಲಿ, ಬಡವರಲ್ಲಿ ಈ ನಿಯಮ ಅಷ್ಟು ಬಿಗಿಯಾಗಿರಲಿಲ್ಲ. ಅಲ್ಲಿ ತಾಯಂದಿರು, ಹೆಂಡಂದಿರು ಪೆಟ್ಟಿಗೆಯ ಹಿಂದೆಯೇ ನಡೆಯುತ್ತಿದ್ದರು. ಮದುವೆಯಾಗದ ಹುಡುಗಿ ಸತ್ತರೆ ಅವಳ ವಾರಗೆಯ ಹೆಣ್ಣುಮಕ್ಕಳು ಬಿಳಿ ಉಡುಪು ತೊಟ್ಟು ಪೆಟ್ಟಿಗೆಯ ಜೊತೆ ಸಾಗುವ ವಾಡಿಕೆಯೂ ಇತ್ತು. ಅಂಥ ಹುಡುಗಿಯರಿಗಾಗಿ ಕಾಗದದ ಹೂಗಳಿಂದ ಕಟ್ಟಿದ ಕಿರೀಟಗಳನ್ನು ಹ್ಯಾಂಪ್‌ಶೈರ್‌ನ ಅಬಟ್ಸ್ ಆನ್ ಎಂಬ ಹಳ್ಳಿಯ ಚರ್ಚಿನಲ್ಲಿ ಇಂದಿಗೂ ನೋಡಬಹುದು.

ಈ ಒಂದು ಸಂಗತಿಯಿಂದಲೇ ಆ ಸಮಾಜದ ಶೋಕಾಚರಣೆಯ ತಿರುಳು ಸಿಗುತ್ತದೆ. ನಮ್ಮ ಸೂತಕದ ಕಲ್ಪನೆಯ ಹಿಂದೆ ಮೈಲಿಗೆ ಮತ್ತು ಶುದ್ಧಿಯ ಲೆಕ್ಕವಿದ್ದರೆ, ಇಂಗ್ಲಿಷರ ಶೋಕದ ಹಿಂದೆ ಇದ್ದದ್ದು ಅಂತಸ್ತು ಮತ್ತು ನಂಟಿನ ಲೆಕ್ಕ. ಸತ್ತವನು ಯಾರು, ಉಳಿದವರು ಅವನಿಗೆ ಎಷ್ಟು ಹತ್ತಿರದವರು ಎಂಬುದನ್ನು ಗಂಟೆಯ ಹೊಡೆತದಲ್ಲಿ, ಬಟ್ಟೆಯ ಬಣ್ಣದಲ್ಲಿ, ಮಣ್ಣಿನ ಜಾಗದಲ್ಲಿ ಎಲ್ಲರಿಗೂ ಓದಿ ಹೇಳುವ ವ್ಯವಸ್ಥೆ ಅದು.

ಮೊದಲು ಓದಿ ಹೇಳುತ್ತಿದ್ದುದು ಚರ್ಚಿನ ಗಂಟೆ. ಅನೇಕ ಊರುಗಳಲ್ಲಿ ಗಂಡಸು ಸತ್ತರೆ ಮೂರು ಮೂರರಂತೆ ಮೂರು ಬಾರಿ, ಹೆಂಗಸು ಸತ್ತರೆ ಎರಡೆರಡರಂತೆ ಮೂರು ಬಾರಿ ಹೊಡೆದು, ಬಳಿಕ ಸತ್ತವರ ವಯಸ್ಸಿನಷ್ಟು ಹೊಡೆತಗಳನ್ನು ಹೊಡೆಯುತ್ತಿದ್ದರು. ಹೊಲದಲ್ಲಿ ಕೆಲಸ ಮಾಡುತ್ತಿದ್ದವನು ಕೈ ತಡೆದು ಎಣಿಸಿದರೆ ಸಾಕು, ಊರಿನಲ್ಲಿ ಯಾರು ಕಾಯಿಲೆ ಬಿದ್ದಿದ್ದರೆಂದು ಬಲ್ಲವನಿಗೆ ಹೆಸರು ತಾನಾಗಿ ಹೊಳೆಯುತ್ತಿತ್ತು. ಮನೆಯೊಳಗೆ ಹೆಣವನ್ನು ತೊಳೆದು, ದವಡೆ ಕಟ್ಟಿ, ಕಣ್ಣ ಮೇಲೆ ನಾಣ್ಯವಿಟ್ಟು ಮಲಗಿಸುವ ಕೆಲಸ ಹೆಂಗಸರದು. ಬಹಳ ಸಲ ಹೆರಿಗೆ ಮಾಡಿಸುವ ಸೂಲಗಿತ್ತಿಯೇ ಇದನ್ನೂ ಮಾಡುತ್ತಿದ್ದಳು. ಸಮಾಧಿಗೆ ಬರಬಾರದೆಂದವರಿಗೇ ಶವವನ್ನು ಮುಟ್ಟುವ ಕೆಲಸವೆಲ್ಲ ಬಿಟ್ಟಿದ್ದುದು ಗಮನಿಸಬೇಕಾದ ಮಾತು. ಹೂಳುವವರೆಗೆ ಹಲವು ದಿನ, ಉಳ್ಳವರಲ್ಲಿ ಒಂದು ವಾರ ಅಥವಾ ಅದಕ್ಕೂ ಹೆಚ್ಚು, ಹೆಣ ಮನೆಯಲ್ಲೇ ಇರುತ್ತಿತ್ತು. ಹತ್ತು ಕೋಣೆಗಳ ಮನೆಯಲ್ಲಿ ಅದು ಸಾಧ್ಯವಿತ್ತು. ಒಂದೇ ಕೋಣೆಯಲ್ಲಿ ಉಂಡು ಮಲಗುವ ಲಂಡನ್ನಿನ ಕೂಲಿಯ ಸಂಸಾರಕ್ಕೆ ಅದು ಬೇರೆಯೇ ಬವಣೆ.

ಶವಕ್ಕೆ ಉಡಿಸುವ ಬಟ್ಟೆಯ ಮೇಲೂ ಕಾನೂನಿನ ಕಣ್ಣಿತ್ತು. ಇಂಗ್ಲೆಂಡಿನ ಉಣ್ಣೆ ಉದ್ಯಮವನ್ನು ಕಾಪಾಡಲು 1666ರಲ್ಲಿ ಮಾಡಿ 1678ರಲ್ಲಿ ಬಿಗಿಗೊಳಿಸಿದ ಶಾಸನದ ಪ್ರಕಾರ, ಉಣ್ಣೆಯಲ್ಲದ ಬಟ್ಟೆಯಲ್ಲಿ ಹೆಣವನ್ನು ಹೂಳುವಂತಿರಲಿಲ್ಲ. ಉಣ್ಣೆಯಲ್ಲೇ ಹೂತದ್ದಕ್ಕೆ ಎಂಟು ದಿನಗಳೊಳಗೆ ಪ್ರಮಾಣಪತ್ರ ಕೊಡಬೇಕಿತ್ತು, ತಪ್ಪಿದರೆ 5 ಪೌಂಡ್ ದಂಡ. ಲಿನನ್ ಬಟ್ಟೆಯೇ ಬೇಕೆಂಬ ಸಿರಿವಂತರು ದಂಡ ಕಟ್ಟಿ ಕೈತೊಳೆದುಕೊಳ್ಳುತ್ತಿದ್ದರು. ದಂಡದ ಅರ್ಧ ದೂರು ಕೊಟ್ಟವನಿಗೇ ಸಲ್ಲುತ್ತಿದ್ದುದರಿಂದ ಮನೆಯವರೊಬ್ಬರಿಂದಲೇ ದೂರು ಕೊಡಿಸಿ ಅರ್ಧ ಉಳಿಸಿಕೊಳ್ಳುವ ಜಾಣರೂ ಇದ್ದರು. ಜಾರಿ ಎಂದೋ ಸಡಿಲವಾಗಿದ್ದ ಈ ಶಾಸನ ಪುಸ್ತಕದಿಂದ ಹೋದದ್ದು ಮಾತ್ರ 1814ರಲ್ಲಿ.

ಇನ್ನು ಮೆರವಣಿಗೆ. ಹದಿನೆಂಟನೆಯ ಶತಮಾನದಲ್ಲಿ ಬೆಳೆದ ಅಂಡರ್‌ಟೇಕರ್ ಎಂಬ ಹೊಸ ಕಸುಬುದಾರ, ಎಂದರೆ ಶವಸಂಸ್ಕಾರದ ಗುತ್ತಿಗೆದಾರ, ಈ ಹೊತ್ತಿಗೆ ಪೇಟೆಗಳಲ್ಲಿ ಬೇರೂರಿದ್ದ. ಮನೆಯ ಬಾಗಿಲ ಇಕ್ಕೆಲಗಳಲ್ಲಿ ಕಪ್ಪು ಬಟ್ಟೆ ಸುತ್ತಿದ ಕೋಲು ಹಿಡಿದು ಮಾತಿಲ್ಲದೆ ನಿಲ್ಲುವ ಇಬ್ಬರು, ತಲೆಯ ಮೇಲೆ ಉಷ್ಟ್ರಪಕ್ಷಿಯ ಕಪ್ಪು ಗರಿಗಳ ಹಲಗೆ ಹೊತ್ತು ನಡೆಯುವವನು, ಕರಿ ಕುದುರೆಗಳು, ಪೆಟ್ಟಿಗೆಯ ಮೇಲಿನ ಹೊದಿಕೆಯ ಅಂಚು ಹಿಡಿದು ಸಾಗುವ ಗೌರವಸ್ಥರು, ಎಲ್ಲವನ್ನೂ ಇವನೇ ಬಾಡಿಗೆಗೆ ಒದಗಿಸುತ್ತಿದ್ದ. ಇವೆಲ್ಲ ಎಲ್ಲಿಂದ ಬಂದವು ಎಂಬುದು ಸ್ವಾರಸ್ಯದ ವಿಷಯ. ನಗರದ ಶವಸಂಸ್ಕಾರಗಳನ್ನು ಕುರಿತು ಸಾರ್ವಜನಿಕ ಆರೋಗ್ಯದ ಸುಧಾರಕ ಎಡ್ವಿನ್ ಚಾಡ್ವಿಕ್ 1843ರಲ್ಲಿ ಸಲ್ಲಿಸಿದ ವರದಿಯಲ್ಲಿ ಇದರ ವಿವರಣೆ ಇದೆ. ಅದರ ಪ್ರಕಾರ ಈ ಸರಂಜಾಮೆಲ್ಲ ಮಧ್ಯಯುಗದ ಶ್ರೀಮಂತ ಸಾಮಂತನ ಅಂತ್ಯಯಾತ್ರೆಯ ನಕಲು: ಬಾಗಿಲ ಬಳಿಯ ಮೂಕರು ಅವನ ಕೋಟೆಯ ದ್ವಾರಪಾಲಕರು, ಗರಿ ಹೊತ್ತವನು ಅವನ ಗುರಾಣಿ ಮತ್ತು ಶಿರಸ್ತ್ರಾಣ ಹಿಡಿದ ಭಟ, ಹೊದಿಕೆಯ ಅಂಚು ಹಿಡಿದವರು ಅವನ ಸಹಯೋಧರು. ಬದುಕಿರುವಾಗ ಕತ್ತಿಯನ್ನೇ ಹಿಡಿಯದ ದಿನಸಿ ವ್ಯಾಪಾರಿ ಸತ್ತ ಮೇಲೆ ಒಂದು ಮಧ್ಯಾಹ್ನದ ಮಟ್ಟಿಗೆ ಸಾಮಂತನಾಗುತ್ತಿದ್ದ. ಅವನ ವಿಧವೆ ಹಣ ಕೊಟ್ಟು ಕೊಳ್ಳುತ್ತಿದ್ದುದು ಏನನ್ನು ಎಂಬುದು ಅವಳಿಗೂ ಗೊತ್ತಿರಲಿಕ್ಕಿಲ್ಲ.

ಬಂದವರಿಗೆ ಅಂತಸ್ತಿಗೆ ತಕ್ಕಂತೆ ಕಪ್ಪು ಕೈಗವಸು, ಟೋಪಿಗೆ ಸುತ್ತುವ ಪಟ್ಟಿ, ಹೆಗಲಿನ ವಸ್ತ್ರ ಹಂಚಲಾಗುತ್ತಿತ್ತು. ದ್ರಾಕ್ಷಾಮದ್ಯದ ಜೊತೆ ಬಿಳಿ ಕಾಗದದಲ್ಲಿ ಸುತ್ತಿ ಕಪ್ಪು ಅರಗಿನಿಂದ ಮೊಹರು ಮಾಡಿದ ಬಿಸ್ಕತ್ತುಗಳನ್ನೂ ಕೊಡುವುದಿತ್ತು. ವಂಶಲಾಂಛನ ಉಳ್ಳ ಮನೆತನವಾದರೆ ವಜ್ರಾಕೃತಿಯ ಹಲಗೆಯ ಮೇಲೆ ಆ ಲಾಂಛನ ಬರೆಯಿಸಿ ಮನೆಯ ಮುಂಬಾಗಿಲ ಮೇಲೆ ತೂಗುಹಾಕುತ್ತಿದ್ದರು. ಗಂಡ ಸತ್ತು ಹೆಂಡತಿ ಉಳಿದಿದ್ದರೆ ಅವನ ಭಾಗದ ಹಿನ್ನೆಲೆ ಕಪ್ಪು, ಅವಳದು ಬಿಳಿ. ಹೆಂಡತಿ ಸತ್ತಿದ್ದರೆ ಇದರ ತಿರುವುಮುರುವು. ಇಬ್ಬರೂ ಇಲ್ಲವಾಗಿದ್ದರೆ ಪೂರ್ತಿ ಕಪ್ಪು. ತಿಳಿದವರಿಗೆ ಅದೊಂದು ಸಾವಿನ ಪ್ರಕಟಣೆಯೇ. ಸುಮಾರು ಒಂದು ವರ್ಷದ ಅನಂತರ ಅದು ಚರ್ಚಿನ ಗೋಡೆ ಸೇರುತ್ತಿತ್ತು.

ಹೂಳುವುದು ಮುಗಿದ ಮೇಲೆ ಶೋಕದ ಭಾರ ಬಹುಮಟ್ಟಿಗೆ ಹೆಂಗಸರ ಮೈಮೇಲೆ ಉಳಿಯುತ್ತಿತ್ತು. ಗಂಡಸಿಗೆ ಕಪ್ಪು ಕೋಟು, ಟೋಪಿಗೆ ಕ್ರೇಪ್ ಪಟ್ಟಿ, ಕಪ್ಪು ಕೈಗವಸು ಇದ್ದರೆ ಆಯಿತು. ಹೇಗೂ ಅವನ ಉಡುಪಿನಲ್ಲಿ ಕಪ್ಪು ಬಣ್ಣ ಆಗಲೇ ಮಾಮೂಲಾಗುತ್ತಿತ್ತು. ವಿಧವೆಯಾದರೋ ಒಂದು ವರ್ಷ ಮತ್ತು ಒಂದು ದಿನ ಪೂರ್ಣ ಶೋಕದಲ್ಲಿರಬೇಕೆಂಬುದು ರೂಢಿ. ಅನಂತರ ಬೂದು, ತಿಳಿನೇರಳೆ ಬಣ್ಣಗಳ ಅರೆಶೋಕ. ತಂದೆತಾಯಿ, ಮಕ್ಕಳು, ಒಡಹುಟ್ಟಿದವರು, ದೂರದ ನೆಂಟರು ಎಂದು ನಂಟು ತೆಳುವಾದಂತೆ ಅವಧಿ ವರ್ಷದಿಂದ ತಿಂಗಳುಗಳಿಗೆ, ತಿಂಗಳುಗಳಿಂದ ವಾರಗಳಿಗೆ ಇಳಿಯುತ್ತಿತ್ತು. ಮುಂದಿನ ವಿಕ್ಟೋರಿಯಾ ಕಾಲದಲ್ಲಿ ಕೈಪಿಡಿಗಳು ಇದನ್ನೆಲ್ಲ ದಿನಗಳ ಲೆಕ್ಕದಲ್ಲಿ ಕಟ್ಟಿಹಾಕಿದವು. ಈ ಕಾಲದಲ್ಲಿ ಇನ್ನೂ ಮನೆತನದ ವಿವೇಚನೆಗೆ ಒಂದಿಷ್ಟು ಜಾಗವಿತ್ತು.

ಬಟ್ಟೆಯ ಗುಣವೂ ಮುಖ್ಯ. ಶೋಕದಲ್ಲಿ ಹೊಳಪು ಸಲ್ಲದು. ಆದ್ದರಿಂದ ರೇಷ್ಮೆಯ ಹಾಸು ಎಳೆಗಳಿಗೆ ಉಣ್ಣೆಯ ಹೊಕ್ಕು ಕೊಟ್ಟು ನೇಯ್ದ ಬಾಂಬಝೀನ್ ಎಂಬ ಮಂಕು ಬಟ್ಟೆ, ಅದರ ಮೇಲೆ ಸುಕ್ಕುಸುಕ್ಕಾದ ತೆಳು ಕ್ರೇಪ್. ಎರಡಕ್ಕೂ ಹೆಸರಾಗಿದ್ದ ಊರು ನಾರಿಚ್. ಜೇನ್ ಆಸ್ಟೆನ್ ಅವರ ಪತ್ರಗಳಲ್ಲಿ ಈ ವಸ್ತ್ರಪ್ರಪಂಚದ ದಿನನಿತ್ಯದ ಮುಖ ಕಾಣುತ್ತದೆ. 1808ರ ಅಕ್ಟೋಬರಿನಲ್ಲಿ ಅತ್ತಿಗೆ ಎಲಿಜಬೆತ್ ತೀರಿಕೊಂಡಾಗ ತಾನು ಬಾಂಬಝೀನ್ ಮತ್ತು ಕ್ರೇಪ್ ತೊಡಲಿರುವುದಾಗಿ ಆಕೆ ಬರೆಯುತ್ತಾಳೆ. ತಾಯಿ ಕಳೆದುಕೊಂಡು ತನ್ನ ಬಳಿಗೆ ಬಂದ ಇಬ್ಬರು ಹುಡುಗರಿಗೆ ಕಪ್ಪು ಷರಾಯಿ ಕೂಡ ಬೇಕೇ ಬೇಕಂತೆ, ಇಂಥ ಹೊತ್ತಿನಲ್ಲಿ ವಾಡಿಕೆಯದ್ದು ಇಲ್ಲವೆಂದು ಮಕ್ಕಳು ಮುಜುಗರಪಡುವುದು ಬೇಡ ಎಂದೂ ಸೇರಿಸುತ್ತಾಳೆ. ಮತ್ತೊಂದು ಶೋಕದ ಸಂದರ್ಭದಲ್ಲಿ ಅವರ ತಾಯಿ ತಮ್ಮ ರೇಷ್ಮೆ ಮೇಲಂಗಿಯ ಹೊಲಿಗೆ ಬಿಚ್ಚಿ, ಕಪ್ಪು ಬಣ್ಣ ಹಾಕಿಸಿ ಗೌನ್ ಹೊಲಿಸುವ ಯೋಜನೆ ಹಾಕುತ್ತಾರೆ. ಮಧ್ಯಮ ವರ್ಗದ ಮನೆಯಲ್ಲಿ ಸಾವು ಎಂದರೆ ಬಣ್ಣಗಾರನ ಅಂಗಡಿಯ ಖರ್ಚೂ ಹೌದು. ಮನೆಯ ಆಳುಕಾಳುಗಳಿಗೂ ಕಪ್ಪು ಉಡುಪು ಕೊಡಿಸಬೇಕಾಗುತ್ತಿತ್ತು.

ಬಟ್ಟೆಗಿಂತ ಹೆಚ್ಚು ಆಪ್ತವಾದದ್ದು ಕೂದಲು. ಸತ್ತವರ ಕೂದಲಿನ ಎಳೆಗಳನ್ನು ಉಂಗುರ, ಪದಕಗಳಲ್ಲಿ ಗಾಜಿನಡಿ ಕೂರಿಸಿ ತೊಡುತ್ತಿದ್ದರು. ಇಂತಿಂಥವರಿಗೆ ಶೋಕದ ಉಂಗುರ ಮಾಡಿಸಿ ಕೊಡಿ ಎಂದು ಉಯಿಲಿನಲ್ಲೇ ಹಣ ತೆಗೆದಿಡುವವರಿದ್ದರು. ಉಂಗುರಕ್ಕೆ ಸಾಮಾನ್ಯವಾಗಿ ಕಪ್ಪು ಎನಾಮೆಲ್, ಮದುವೆಯಾಗದವರ ಅಥವಾ ಮಕ್ಕಳ ನೆನಪಿಗಾದರೆ ಬಿಳಿ. ಸಮಾಧಿಗೆ ಹೋಗಲಾಗದ ಕಸಾಂಡ್ರಾ ಮಾಡಿದ್ದೂ ಇದನ್ನೇ: ತಂಗಿಯ ಕೂದಲನ್ನು ತೆಗೆದಿಟ್ಟುಕೊಂಡು ಆತ್ಮೀಯರಿಗೆ ಹಂಚಿದಳು. ಗೆಳತಿ ಆನ್ ಶಾರ್ಪ್‌ಗೆ ಒಂದು ಗುಚ್ಛ ಕೂದಲಿನ ಜೊತೆ, ತಂಗಿ ತೊಡುತ್ತಿದ್ದ ಒಂದು ಜೊತೆ ಕೊಂಡಿಗಳನ್ನೂ ಬಳಸುತ್ತಿದ್ದ ದಬ್ಬಣವೊಂದನ್ನೂ ಕಳಿಸಿದಳು. ಸಾವಿನ ಸುದ್ದಿಯ ಪತ್ರಕ್ಕೆ ಕೆಂಪು ಅರಗಿನ ಬದಲು ಕಪ್ಪು ಅರಗಿನ ಮೊಹರು ಬೀಳುತ್ತಿತ್ತು. ಆಗ ಅಂಚೆವೆಚ್ಚ ತೆರಬೇಕಾದವರು ಸಾಮಾನ್ಯವಾಗಿ ಪತ್ರ ಪಡೆಯುವವರು. ಹೀಗಾಗಿ ಬಾಗಿಲಲ್ಲಿ ನಿಂತು ಕಾಸು ಎಣಿಸುವಾಗಲೇ ಒಳಗಿನ ಸುದ್ದಿ ಯಾವ ಬಗೆಯದೆಂದು ಎದೆಗೆ ತಟ್ಟುತ್ತಿತ್ತು.

ಅದೇ 1817ರ ನವೆಂಬರ್ 6ರಂದು, ಗಂಡು ಶಿಶುವೊಂದನ್ನು ಸತ್ತಂತೆಯೇ ಹೆತ್ತ ಕೆಲವೇ ಗಂಟೆಗಳಲ್ಲಿ, ರಾಜಕುಮಾರಿ ಶಾರ್ಲಟ್ ತನ್ನ 21ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಮುಂದೊಂದು ದಿನ ರಾಣಿಯಾಗಲಿದ್ದವಳು ಆಕೆ. ನವೆಂಬರ್ 19ರ ರಾತ್ರಿ ವಿಂಡ್ಸರ್‌ನ ಸೇಂಟ್ ಜಾರ್ಜ್ ಚಾಪೆಲ್‌ನಲ್ಲಿ ಆಕೆಯನ್ನೂ ಮಗುವನ್ನೂ ಇರಿಸಲಾಯಿತು. ರಾಜಮನೆತನದ ಅಂತ್ಯಕ್ರಿಯೆಗಳು ರಾತ್ರಿ ನಡೆಯುವುದು ಆಗಿನ ಕ್ರಮ. ರಾಜಕುಟುಂಬದಲ್ಲಿ ಸಾವಾದಾಗ ಸಾರ್ವಜನಿಕ ಶೋಕದ ಆಜ್ಞೆ ಹೊರಡುವುದು ಹೊಸತಲ್ಲ, ಆದರೆ ಈ ಸಲ ಆಜ್ಞೆಯನ್ನು ಮೀರಿ ಜನ ಮರುಗಿದರು. ಬಟ್ಟೆ ಅಂಗಡಿಗಳಲ್ಲಿ ಕಪ್ಪು ಬಟ್ಟೆ ಮುಗಿದುಹೋಯಿತು. ಕೊಳ್ಳಲಾರದ ಬಡವರು ತೋಳಿಗೆ ಕಪ್ಪು ಚಿಂದಿ ಕಟ್ಟಿಕೊಂಡರು. ಅಂತ್ಯಕ್ರಿಯೆಯ ದಿನ ಜೂಜಿನ ಮನೆಗಳೂ ಮುಚ್ಚಿದವು. ಇನ್ನೊಂದು ಕಡೆ, ಬಣ್ಣದ ರಿಬ್ಬನ್ನು ಮತ್ತು ಅಲಂಕಾರದ ಸಾಮಾನು ತಯಾರಿಸುವವರು ಹೀಗೇ ಮುಂದುವರಿದರೆ ದಿವಾಳಿಯಾಗುತ್ತೇವೆ, ಶೋಕದ ಅವಧಿಯನ್ನು ಕಡಿಮೆ ಮಾಡಿ ಎಂದು ಸರ್ಕಾರಕ್ಕೆ ಅರ್ಜಿ ಹಾಕಿದರು. ಅವರನ್ನು ಕಲ್ಲೆದೆಯವರೆನ್ನುವುದು ಸುಲಭ. ದೇಶವೆಲ್ಲ ಕಪ್ಪು ತೊಟ್ಟರೆ ಮಗ್ಗದ ಮುಂದಿನವನ ಒಲೆ ಆರುತ್ತದೆ ಎಂಬುದು ಮಾತ್ರ ನಿಜವಾಗಿತ್ತು.

ಬಡವರ ಪಾಲಿಗೆ ಸಾವಿಗಿಂತ ದೊಡ್ಡ ಹೆದರಿಕೆ ಪ್ಯಾರಿಷ್‌ನ, ಎಂದರೆ ಊರಿನ ಚರ್ಚು ಆಡಳಿತದ, ಖರ್ಚಿನಲ್ಲಿ ಹೂಳಿಸಿಕೊಳ್ಳುವುದು: ತೆಳು ಹಲಗೆಯ ಪೆಟ್ಟಿಗೆ, ಹಲವರಿಗೆ ಒಂದೇ ಗುಂಡಿ, ಹೆಸರಿಲ್ಲದ ಮಣ್ಣು. ಇದನ್ನು ತಪ್ಪಿಸಿಕೊಳ್ಳಲೆಂದೇ ವಾರಕ್ಕಿಷ್ಟು ಪೆನ್ನಿ ಕಟ್ಟುವ ಶವಸಂಸ್ಕಾರ ಸಂಘಗಳು, ಪರಸ್ಪರ ಸಹಾಯ ಸಂಘಗಳು ಬೆಳೆದವು. 1793ರ ಶಾಸನ ಅಂಥ ಸಂಘಗಳಿಗೆ ಕಾನೂನಿನ ಮಾನ್ಯತೆ ಕೊಟ್ಟಿತ್ತು. ಹೊಟ್ಟೆಗೆ ಕಡಿಮೆ ಮಾಡಿಯಾದರೂ ಈ ಕಂತು ಕಟ್ಟುವವರನ್ನು ಕಂಡು ಉಳ್ಳವರು ಮೂಗು ಮುರಿಯುತ್ತಿದ್ದರು. ಹೆಸರಾಂತವರಿಗೂ ಈ ಕಷ್ಟ ತಪ್ಪಿದ್ದಲ್ಲ. ಕವಿ ಮತ್ತು ಚಿತ್ರಕಾರ ವಿಲಿಯಂ ಬ್ಲೇಕ್ 1827ರ ಆಗಸ್ಟಿನಲ್ಲಿ ತೀರಿಕೊಂಡಾಗ ಹೆಂಡತಿ ಕ್ಯಾಥರಿನ್ ಸಾಲ ತಂದು ಅಂತ್ಯಕ್ರಿಯೆ ಮಾಡಿದಳು. ಲಂಡನ್ನಿನ ಬನ್‌ಹಿಲ್ ಫೀಲ್ಡ್ಸ್‌ನಲ್ಲಿ, ಬೇರೆಯವರೂ ಇದ್ದ ಗುಂಡಿಯಲ್ಲಿ, ಗುರುತಿನ ಕಲ್ಲಿಲ್ಲದೆ ಅವನನ್ನು ಹೂಳಲಾಯಿತು.

ಮಣ್ಣಿನೊಳಗೂ ಮೇಲು ಕೀಳು ಇತ್ತು. ಹಣವಂತರಿಗೆ ಚರ್ಚಿನ ನೆಲದಡಿಯ ಕೋಣೆ, ಅದಕ್ಕೆ ಸೀಸದ ತಗಡಿನ ಒಳಪೆಟ್ಟಿಗೆ. ಉಳಿದವರಿಗೆ ಹೊರಗಿನ ಅಂಗಳ. ಅದರಲ್ಲೂ ದಕ್ಷಿಣ ಮತ್ತು ಪೂರ್ವ ದಿಕ್ಕು ಬೇಡಿಕೆಯದು. ಬಿಸಿಲು ಬೀಳದ ಉತ್ತರದ ಬದಿ ಪರಸ್ಥಳದವರಿಗೆ, ದೀಕ್ಷಾಸ್ನಾನವಾಗುವ ಮುನ್ನ ಸತ್ತ ಶಿಶುಗಳಿಗೆ. ಇಂಗ್ಲೆಂಡ್ ಚರ್ಚಿನ ಪ್ರಾರ್ಥನಾಗ್ರಂಥವು ದೀಕ್ಷಾಸ್ನಾನವಾಗದವರಿಗೆ, ಬಹಿಷ್ಕೃತರಿಗೆ ಮತ್ತು ತಮ್ಮ ಕೈಯಾರೆ ಸತ್ತವರಿಗೆ ಶವಸಂಸ್ಕಾರದ ಪ್ರಾರ್ಥನೆಯನ್ನು ಓದಕೂಡದೆಂದು ವಿಧಿಸಿತ್ತು. ಬುದ್ಧಿ ಸ್ವಾಧೀನದಲ್ಲಿದ್ದೇ ಜೀವ ಕಳೆದುಕೊಂಡನೆಂದು ತನಿಖಾ ಪಂಚರು ತೀರ್ಮಾನಿಸಿದರೆ ಅವನನ್ನು ದಾರಿಗಳು ಕೂಡುವಲ್ಲಿ ಹೂತು ದೇಹಕ್ಕೆ ಮರದ ಗೂಟ ಹೊಡೆಯುವ ಪದ್ಧತಿಯಿತ್ತು. ಲಂಡನ್ನಿನ ರ‍್ಯಾಟ್‌ಕ್ಲಿಫ್ ಹೈವೇ ಕೊಲೆಗಳ ಆರೋಪಿ ಜಾನ್ ವಿಲಿಯಮ್ಸ್ ಸೆರೆಮನೆಯಲ್ಲಿ ಸತ್ತಾಗ, 1811ರ ಡಿಸೆಂಬರ್ 31ರಂದು ಭಾರಿ ಜನಸಂದಣಿಯ ಮುಂದೆ ಹೀಗೇ ಮಾಡಲಾಯಿತು. ಆದರೆ 1822ರಲ್ಲಿ ವಿದೇಶಾಂಗ ಮಂತ್ರಿ ಕ್ಯಾಸಲ್ರೇ ಕೂಡ ತನ್ನ ಕೈಯಾರೆ ಸತ್ತ. ಅವನ ಚಿತ್ತ ಸ್ಥಿಮಿತದಲ್ಲಿರಲಿಲ್ಲವೆಂದು ಪಂಚರು ಹೇಳಿದರು, ಹೂಳಿದ್ದು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ. ಅವನು ನಿಜಕ್ಕೂ ಅಸ್ವಸ್ಥನಾಗಿದ್ದ, ಅದರಲ್ಲಿ ಅನುಮಾನವಿಲ್ಲ. ಅಷ್ಟೇ ಅಸ್ವಸ್ಥನಾದ ಕೂಲಿಯವನಿಗೆ ಅದೇ ಕನಿಕರ ಯಾವಾಗಲೂ ಸಿಗುತ್ತಿರಲಿಲ್ಲ ಎಂಬ ಟೀಕೆ ಆಗಲೇ ಕೇಳಿಬಂತು. ಮರುವರ್ಷವೇ, 1823ರಲ್ಲಿ, ಪಾರ್ಲಿಮೆಂಟು ಗೂಟದ ಪದ್ಧತಿಯನ್ನು ನಿಲ್ಲಿಸಿ ಇಂಥವರನ್ನು ಚರ್ಚಿನ ಅಂಗಳದಲ್ಲೇ ಹೂಳಲು ಹೇಳಿತು, ಆದರೆ ರಾತ್ರಿ 9ರಿಂದ 12ರ ನಡುವೆ, ಪ್ರಾರ್ಥನೆಯಿಲ್ಲದೆ.

ಹೂತ ಮೇಲೂ ನೆಮ್ಮದಿಯಿರಲಿಲ್ಲ. ವೈದ್ಯಶಾಲೆಗಳು ಹೆಚ್ಚುತ್ತಿದ್ದವು, ಆದರೆ ದೇಹಚ್ಛೇದನದ ಪಾಠಕ್ಕೆ ಕಾನೂನಿನ ದಾರಿಯಲ್ಲಿ ಸಿಗುತ್ತಿದ್ದುದು ಮುಖ್ಯವಾಗಿ ಗಲ್ಲಿಗೇರಿದ ಕೊಲೆಗಾರರ ಹೆಣಗಳು. ಕೊರತೆಯನ್ನು ತುಂಬಿದವರು ರಾತ್ರಿ ಸಮಾಧಿ ಅಗೆದು ಹೆಣ ಕದ್ದು ಮಾರುವವರು. ಇಂಥ ಗುಂಪಿನವನೊಬ್ಬ 1811-12ರಲ್ಲಿ ಬರೆದ ದಿನಚರಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್‌ನಲ್ಲಿ ಉಳಿದುಬಂದಿದೆ. ಕಾನೂನಿನ ಕಣ್ಣಿನಲ್ಲಿ ಹೆಣ ಯಾರ ಆಸ್ತಿಯೂ ಅಲ್ಲ, ಆದ್ದರಿಂದ ಅದನ್ನು ಒಯ್ಯುವುದು ಸಣ್ಣ ಅಪರಾಧ, ಆದರೆ ಹೆಣದ ಬಟ್ಟೆ ಒಯ್ದರೆ ಅದು ಘೋರವಾದ ಕಳ್ಳತನ. ಹಾಗಾಗಿ ಕಸುಬು ಬಲ್ಲವರು ಬಟ್ಟೆಯನ್ನು ಬಿಚ್ಚಿ ಗುಂಡಿಯಲ್ಲೇ ಬಿಟ್ಟು ಹೋಗುತ್ತಿದ್ದರು. ಕಳ್ಳರಿಂದ ಉಳಿಯಲು ಕಬ್ಬಿಣದ ಶವಪೆಟ್ಟಿಗೆಗೆ 1818ರಲ್ಲಿ ಪೇಟೆಂಟ್ ಪಡೆದವನಿದ್ದ. ಅಂಥ ಪೆಟ್ಟಿಗೆಯನ್ನು ಲಂಡನ್ನಿನ ಹೋಬರ್ನ್ ಪ್ರದೇಶದ ಪ್ಯಾರಿಷ್ ಒಂದು ತನ್ನ ಅಂಗಳಕ್ಕೆ ಸೇರಿಸಲು ಒಪ್ಪದೆ ವ್ಯಾಜ್ಯವಾಯಿತು. ಮರದ ಪೆಟ್ಟಿಗೆ ಕೊಳೆತು ಮುಂದಿನವರಿಗೆ ಜಾಗ ಬಿಡುತ್ತದೆ, ಕಬ್ಬಿಣದ್ದು ಬಿಡುವುದಿಲ್ಲ, ಮಣ್ಣು ಒಂದು ತಲೆಮಾರಿನ ಸ್ವತ್ತಲ್ಲ ಎಂದು ವಿಚಾರ ಮಾಡಿದ ಚರ್ಚ್ ನ್ಯಾಯಾಲಯದ ನ್ಯಾಯಾಧೀಶ ಸರ್ ವಿಲಿಯಂ ಸ್ಕಾಟ್, ಅದನ್ನು ತಡೆಯಲಾಗದು, ಆದರೆ ಹೆಚ್ಚು ಶುಲ್ಕ ಪಡೆಯಬಹುದು ಎಂಬ ದಾರಿ ತೋರಿಸಿದ. 1831ರಲ್ಲಿ ಲಂಡನ್ನಿನಲ್ಲೇ ಹೆಣ ಮಾರುವುದಕ್ಕಾಗಿ ಕೊಲೆ ಮಾಡಿದವರು ಸಿಕ್ಕಿಬಿದ್ದು ಗಲ್ಲಿಗೇರಿದ ಮೇಲೆ 1832ರ ಅಂಗರಚನಾ ಶಾಸನ ಬಂತು. ಬಡವರ ವಸತಿಗಳಲ್ಲೂ ಆಸ್ಪತ್ರೆಗಳಲ್ಲೂ ಸತ್ತು, ಕೇಳಿಕೊಂಡು ಬರುವವರಿಲ್ಲದ ಹೆಣಗಳು ಇನ್ನು ಮೇಲೆ ವೈದ್ಯಶಾಲೆಗೆ ಸೇರಬಹುದಾಗಿತ್ತು. ಕೊಲೆಗಾರನಿಗೆ ಶಿಕ್ಷೆಯಾಗಿದ್ದದ್ದು ಹೀಗೆ ಬಡತನದ ಪಾಲಿಗೆ ಬಂತು.

ತಾಯ್ನೆಲದ ಈ ನಿಧಾನದ ವಿಧಿಗಳಿಗೆ ಈಸ್ಟ್ ಇಂಡಿಯಾ ಕಂಪನಿಯ ಚಾಕರಿಯಲ್ಲಿ ಸತ್ತವರಿಗೆ ಅವಕಾಶವಿರಲಿಲ್ಲ. ಇಲ್ಲಿನ ಸೆಕೆಯಲ್ಲಿ ಅಂದೇ ಇಲ್ಲವೇ ಮರುದಿನ ಹೂಳಬೇಕಿತ್ತು. ಸುದ್ದಿ ಹಡಗಿನಲ್ಲಿ ಊರು ಮುಟ್ಟಲು ನಾಲ್ಕಾರು ತಿಂಗಳು ಹಿಡಿಯುತ್ತಿದ್ದುದರಿಂದ, ಮಗ ಮಣ್ಣಾದ ಅರ್ಧ ವರ್ಷದ ಮೇಲೆ ತಾಯಿ ಕಪ್ಪು ತೊಡುತ್ತಿದ್ದಳು. ಹೈದರನ ಕಾಲದಲ್ಲಿ ಸೆರೆಸಿಕ್ಕಿ 1782ರಲ್ಲಿ ಶ್ರೀರಂಗಪಟ್ಟಣದಲ್ಲಿ ಸತ್ತ ಕರ್ನಲ್ ಬೇಲಿಗೆ ಗುಂಬಜ್ ಬಳಿ ಸ್ಮಾರಕ ಎದ್ದದ್ದು 1816ರಲ್ಲಿ. ಅದನ್ನು ಕಟ್ಟಿಸಿದವನು ಲಖನೌ ದರ್ಬಾರಿನಲ್ಲಿ ರೆಸಿಡೆಂಟ್, ಎಂದರೆ ಕಂಪನಿಯ ಪ್ರತಿನಿಧಿ, ಆಗಿದ್ದ ಅವನ ಬಂಧು. ಮೂವತ್ತನಾಲ್ಕು ವರ್ಷ ತಡವಾದರೂ ಅಂತಸ್ತಿಗೆ ತಕ್ಕ ಕಲ್ಲು ಸಲ್ಲಲೇಬೇಕಿತ್ತು.

ಇಂಗ್ಲೆಂಡಿನಲ್ಲಾದರೋ ಕಲ್ಲಿಡಲು ಜಾಗವೇ ಮುಗಿಯುತ್ತಿತ್ತು. ಪಟ್ಟಣಗಳ ಜನಸಂಖ್ಯೆ ಏರಿತು, ಚರ್ಚಿನ ಅಂಗಳಗಳು ಇದ್ದಷ್ಟೇ ಇದ್ದವು, ಹೊಸ ಗುಂಡಿ ತೋಡಿದರೆ ಹಳೆಯ ಎಲುಬು ಏಳುತ್ತಿದ್ದವು. ಲಂಡನ್ನಿನ ಸ್ಟ್ರ್ಯಾಂಡ್ ಬಳಿಯ ಈನನ್ ಚಾಪೆಲ್‌ನ ಕೆಳಗಿನ ಇಕ್ಕಟ್ಟಾದ ನೆಲಮಾಳಿಗೆಯಲ್ಲಿ 1820ರ ದಶಕದಿಂದ ತುರುಕಿದ ಹೆಣಗಳು ಸುಮಾರು 12,000 ಎಂದು ಆ ಕಾಲದವರು ಅಂದಾಜು ಮಾಡಿದ್ದಾರೆ. ಮೇಲಿನ ಹಲಗೆಗಳ ಮೇಲೆ ಪ್ರಾರ್ಥನೆ ನಡೆದೇ ಇತ್ತು. ಇಂಗ್ಲೆಂಡ್ ಚರ್ಚಿಗೆ ಸೇರದ ಭಿನ್ನಮತೀಯರು ತಮ್ಮ ವಿಧಿಯಂತೆ ಹೂಳುವ ಹಕ್ಕಿಗಾಗಿ ಮೊದಲು ಹೊಸ ದಾರಿ ಹಿಡಿದರು. ನಾರಿಚ್‌ನಲ್ಲಿ 1819ರಲ್ಲಿ ಯಾವ ಪಂಥಕ್ಕೂ ಸೇರದ ರೋಸರಿ ಸ್ಮಶಾನ, 1821ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಇನ್ನೊಂದು. ಷೇರು ಮಾರಿ ಹಣ ಕೂಡಿಸಿದ ಕಂಪನಿಯೊಂದು ಲಂಡನ್ನಿನ ಹೊರವಲಯದಲ್ಲಿ ಮರಗಳ, ಅಗಲವಾದ ದಾರಿಗಳ ಕೆನ್ಸಲ್ ಗ್ರೀನ್ ಸ್ಮಶಾನವನ್ನು 1833ರಲ್ಲಿ ತೆರೆಯಿತು. ಜಾಗ ಕೊಂಡವರಿಗೆ ಅದು ಶಾಶ್ವತವಾಗಿ ಸ್ವಂತ, ಗೋಡೆ ಕಾವಲುಗಳ ಭದ್ರತೆ ಬೇರೆ. ಚರ್ಚಿನ ನೆಲವನ್ನು ಬಿಟ್ಟು ಕಂಪನಿಯ ತೋಟದಲ್ಲಿ ಹೂಳಿಸಿಕೊಳ್ಳುವುದೇ ಎಂದು ಮೊದಲು ಹಿಂಜರಿದ ಗಣ್ಯರ ಸಂಕೋಚ ಕಳೆದದ್ದು 1843ರಲ್ಲಿ. ಮೂರನೆಯ ಜಾರ್ಜ್ ದೊರೆಯ ಮಗ ಸಸೆಕ್ಸ್‌ನ ಡ್ಯೂಕ್, ವಿಂಡ್ಸರ್‌ನ ರಾಜಸಮಾಧಿಯನ್ನು ಬಿಟ್ಟು ಅಲ್ಲಿ ಮಣ್ಣಾದ. ಐದು ವರ್ಷಗಳ ಅನಂತರ ತಂಗಿ ಸೋಫಿಯಾ ಕೂಡ ಅಲ್ಲಿಗೇ ಬಂದಳು. ಅಲ್ಲಿನ ಚಾಪೆಲ್ ಮುಂದೆ ಅಣ್ಣತಂಗಿಯರ ಗೋರಿಗಳು ದಾರಿಯ ಎರಡು ಬದಿಗಳಲ್ಲಿವೆ.